ನಿಪ್ಪಾಣಿಯ 40 ನಿಮಿಷ

ಪುಣೆಯಿಂದ ಧಾರವಾಡಕ್ಕೆ ಅಪ್ಪನ ಜೊತೆ ಮಾಡಿದ ಕೊನೆಯ ಕಾರು ಪ್ರಯಾಣದ ಜಿಪಿಎಸ್ ದಾಖಲೆ ನನ್ನ ಫೋನಿನಲ್ಲಿದೆ. ಸೆಕೆಂಡಿಗೊಂದು ಬಿಂದು, ಎಂಟು ಗಂಟೆಗೆ 28,800. ಮೊನ್ನೆ ಅದನ್ನು ‘ಆರ್’ ತಂತ್ರಾಂಶಕ್ಕೆ ಹಾಕಿ ಸರಳಗೊಳಿಸಿದೆ. ಕೆಲವೇ ನೂರು ಬಿಂದುಗಳು ಉಳಿದವು. ನಕ್ಷೆಯಲ್ಲಿ ದಾರಿ ಚೂರೂ ಕೆಟ್ಟಿರಲಿಲ್ಲ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತ 40 ನಿಮಿಷ ಮಾತ್ರ ಮಾಯವಾಗಿತ್ತು.

ತಂತ್ರಾಂಶವನ್ನು ದೂರಿ ಫಲವಿಲ್ಲ, ಈ ವಿಧಾನ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದ ಕಾಲ ಅದು. ಒಂದು ನದಿ, ಒಂದು ಕರಾವಳಿ ಎಂದರೆ ರಾಶಿ ರಾಶಿ ಬಿಂದುಗಳು, ಅವನ್ನಿಡುವ ಜಾಗವೋ ಬಲು ದುಬಾರಿ. 1972ರಲ್ಲಿ ಉರ್ಸ್ ರಾಮರ್, ಮರುವರ್ಷ ಕೆನಡಾದಲ್ಲಿ ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್, ಬೇರೆಬೇರೆಯಾಗಿ ಒಂದೇ ಉಪಾಯ ಪ್ರಕಟಿಸಿದರು. ಗೆರೆಯ ಮೊದಲ ಬಿಂದುವಿನಿಂದ ಕೊನೆಯದಕ್ಕೆ ಒಂದು ದಾರ ಬಿಗಿಯಿರಿ. ದಾರದಿಂದ ಅತಿ ದೂರವಿರುವ ಬಿಂದುವನ್ನು ಹುಡುಕಿ. ಆ ದೂರ ನೀವು ಒಪ್ಪಿದ ಮಿತಿ ಮೀರಿದರೆ ಅದನ್ನು ಉಳಿಸಿ, ಅಲ್ಲೇ ಗೆರೆಯನ್ನು ಎರಡು ತುಂಡು ಮಾಡಿ, ಎರಡರಲ್ಲೂ ಇದನ್ನೇ ಮತ್ತೆ ಮಾಡಿ. ಮೀರದಿದ್ದರೆ ನಡುವಿನವೆಲ್ಲ ಹೊರಗೆ. ಡಗ್ಲಸ್, ಪ್ಯೂಕರ್ ಪ್ರಾಮಾಣಿಕರು: ಲೇಖನದ ಶೀರ್ಷಿಕೆಯಲ್ಲೇ ‘ಕ್ಯಾರಿಕೇಚರ್’ ಎಂಬ ಪದ ಇಟ್ಟಿದ್ದಾರೆ. ಮೂಗು, ಮೀಸೆ ಉಳಿದರೆ ಆಳು ಯಾರೆಂದು ಗೊತ್ತಾಗುತ್ತದಲ್ಲ, ಹಾಗೆ.

ನಕ್ಷೆಯ ನದಿ ಎಲ್ಲೂ ಚಹಾಕ್ಕೆ ನಿಲ್ಲುವುದಿಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕ, ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ನೂರು ಮೀಟರಿನಷ್ಟಿದ್ದ ತಪ್ಪು ಹತ್ತಿಪ್ಪತ್ತಕ್ಕೆ ಇಳಿಯಿತು. ಆಮೇಲೆ ಲಾರಿ, ಆನೆ, ನಾವು, ಎಲ್ಲರೂ ಗೆರೆಗಳಾದೆವು, ಕತ್ತರಿ ಮಾತ್ರ ಹಳೆಯದೇ. 2004ರಲ್ಲಿ ನಿರ್ವಾಣ ಮೆರಾಟ್ನಿಯಾ ಮತ್ತು ರಾಲ್ಫ್ ದ ಬೈ ಅದಕ್ಕೆ ಗಡಿಯಾರ ಕಟ್ಟಿದರು: ಒಂದೇ ವೇಗದಲ್ಲಿ ಹೋಗಿದ್ದರೆ ಆ ಹೊತ್ತಿಗೆ ಎಲ್ಲಿರಬೇಕಿತ್ತೋ ಅಲ್ಲಿಂದ ದೂರ ಅಳೆಯಬೇಕು.

ಪ್ರಾಣಿಗಳ ಓಡಾಟ ಅಭ್ಯಾಸ ಮಾಡುವವರ ದಾರಿ ಇನ್ನೊಂದು. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಲಾವಿಯೆಲ್ ಅವರ ವಿಧಾನದಲ್ಲಿ ಗತಿ ಬದಲಾದಲ್ಲೆಲ್ಲ ತುಂಡು ಬೀಳುತ್ತದೆ. ಆರ್‌ನಲ್ಲಿ ಅದಕ್ಕೆ ಪ್ಯಾಕೇಜೂ ಇದೆ. ನನ್ನ ಲ್ಯಾಪ್‌ಟಾಪ್ 28,800ಕ್ಕೆ ಏದುಸಿರು ಬಿಟ್ಟಿತು. ನಿಮಿಷಕ್ಕೊಂದರಂತೆ 480ಕ್ಕೆ ಇಳಿಸಿ ಮತ್ತೆ ಓಡಿಸಿದೆ.

ನಿಪ್ಪಾಣಿ ಪ್ರತ್ಯೇಕ ತುಂಡಾಗಿ ಬಂತು. ಅಪ್ಪ ಇನ್ನೊಂದು ಕಪ್ ಕೇಳಿದ್ದರು. ತಡವಾಯಿತೆಂದು ನಾನೇ ಎಬ್ಬಿಸಿದ್ದೆ.