ಕಬ್ಬಿಣದ ನಾಲಗೆಗಳು

ಆಫ್ರಿಕಾದ ಎಂಬೀರಾ ಎಂಬ ವಾದ್ಯವನ್ನು ವರ್ಣಿಸುವುದು ಸುಲಭ. ಅಂಗೈಗಿಂತ ತುಸು ದೊಡ್ಡದಾದ ಹಲಗೆ. ಅದರ ಮೇಲೆ ಅಡ್ಡಪಟ್ಟಿಯೊಂದರ ಬಿಗಿತಕ್ಕೆ ಸಿಕ್ಕಿ ತಲೆಯೆತ್ತಿ ನಿಂತ ಕಬ್ಬಿಣದ ನಾಲಗೆಗಳು. ಹೆಬ್ಬೆರಳಿನಿಂದ ಮೀಟಿದರೆ ನುಡಿಯುತ್ತವೆ. ನಾಲಗೆ ನೀಳವಾದರೆ ಮಂದ್ರ, ಮೋಟಾದರೆ ತಾರ. ನಮ್ಮ ಮೋರ್ಸಿಂಗನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ನಾಲಗೆ ಒಂದೇ, ಇಲ್ಲಿ ಹಲವು. ಒಂಬತ್ತು ನಾಲಗೆಯ ಇಂಥ ವಾದ್ಯವೊಂದನ್ನು ಪೋರ್ಚುಗೀಸ್ ಪಾದ್ರಿ ದೋಸ್ ಸಾಂತೋಸ್ 1586ರಷ್ಟು ಹಿಂದೆಯೇ ಕಂಡು ವರ್ಣಿಸಿದ್ದಾನೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ ಶಾಲೆಯ ಮಕ್ಕಳೊಡನೆ ಕುಳಿತು ನಾನಿದನ್ನು ಒಮ್ಮೆ ಮಾಡಿಸಿದೆ. ಹಲಸಿನ ಹಲಗೆಯ ಚೂರು, ಹಳೆಯ ಸೈಕಲ್ಲಿನ ಕಡ್ಡಿ, ಒಂದು ಸುತ್ತಿಗೆ. ಕಡ್ಡಿಯ ತುದಿಯನ್ನು ಕಲ್ಲಿನ ಮೇಲಿಟ್ಟು ಬಡಿದು ಚಪ್ಪಟೆಯಾಗಿಸಿದರೆ ನಾಲಗೆ ಸಿದ್ಧ. ಕುಲುಮೆ ಕಂಡ ಹಳ್ಳಿಯ ಹುಡುಗರಿಗೆ ಇದನ್ನು ಕಲಿಸಬೇಕಾಗಿಯೇ ಇರಲಿಲ್ಲ. ತೊಡಕು ಬಂದದ್ದು ಶ್ರುತಿ ಕೂಡಿಸುವಾಗ. ಪ್ರಾರ್ಥನೆಯ ಹಾರ್ಮೋನಿಯಮ್ಮಿಗೆ ಹೊಂದಿಸೋಣವೆಂದರು ಹುಡುಗರು. ಎಂಬೀರಾದ ಈಚಿನ ಚರಿತ್ರೆಯೆಲ್ಲ ಈ ಒಂದು ಬೇಡಿಕೆಯಲ್ಲಿ ಅಡಗಿದೆ.

ಜಿಂಬಾಬ್ವೆಯ ಶೋನಾ ಜನ ಇರುಳಿಡೀ ಇದನ್ನು ನುಡಿಸಿ ಪೂರ್ವಿಕರ ಆತ್ಮಗಳನ್ನು ಬರಮಾಡಿಕೊಳ್ಳುತ್ತಾರೆ. ಆ ಕಾರಣಕ್ಕೇ ಪಾದ್ರಿಗಳಿಗೆ ಇದು ಸೈತಾನನ ವಾದ್ಯವಾಯಿತು. ಮಿಷನ್ ಶಾಲೆಗಳ ಬಾಗಿಲು ಇದಕ್ಕೆ ಮುಚ್ಚಿತು. ನೀಲಗಾರರ ತಂಬೂರಿಗೆ ನಮ್ಮ ಶಾಲೆಗಳು ಎಷ್ಟು ಬಾಗಿಲು ತೆರೆದಿವೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಮುಂದೆ 1950ರ ದಶಕದಲ್ಲಿ ಹ್ಯೂ ಟ್ರೇಸಿ ಎಂಬಾತ ಪಾಶ್ಚಾತ್ಯ ಸ್ವರಶ್ರೇಣಿಗೆ ಹೊಂದಿಸಿದ ‘ಕಲಿಂಬಾ’ವನ್ನು ದಕ್ಷಿಣ ಆಫ್ರಿಕಾದಲ್ಲಿ ಮಾಡಿಸಿ ಜಗತ್ತಿಗೆ ಮಾರಿದ. 1960ರ ದಶಕದ ಆರಂಭದಲ್ಲಿ ಬುಲವಾಯೊ ನಗರದ ಕ್ವಾನೊಂಗೋಮಾ ಸಂಗೀತ ಕಾಲೇಜು ಭಾವೀ ಉಪಾಧ್ಯಾಯರಿಗೆ ಎಂಬೀರಾ ಕಲಿಸತೊಡಗಿತು. ಅದು ಆರಿಸಿಕೊಂಡದ್ದು ಪೂರ್ವಿಕರ ಪೂಜೆಯ ದೊಡ್ಡ ವಾದ್ಯವನ್ನಲ್ಲ; ಜೇಗೆ ತಪೇರಾ ಎಂಬ ವಾದಕನ ಚಿಕ್ಕ ವಾದ್ಯವನ್ನು. ಅದಕ್ಕೆ ಹದಿನೈದು ನಾಲಗೆಗಳನ್ನು ಗೊತ್ತುಮಾಡಿ, ತರಗತಿಯೆಲ್ಲ ಒಟ್ಟಿಗೆ ನುಡಿಸಲೆಂದು ಒಂದೇ ಶ್ರುತಿಗೆ ತಂದರು. ಅಲ್ಲಿ ಕಲಿತ ಡುಮಿಸಾನಿ ಮರೈರೆ 1968ರಲ್ಲಿ ಅದನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಒಯ್ದ.

ಹಿಂದೆ ಮಾಡುವವನ ಕಿವಿಯೇ ಶ್ರುತಿಗೆ ಪ್ರಮಾಣ. ಒಬ್ಬನ ವಾದ್ಯ ಇನ್ನೊಬ್ಬನದಕ್ಕೆ ಹೊಂದಲೇಬೇಕೆಂಬ ನಿಯಮವಿರಲಿಲ್ಲ. ಶಾಲೆ ಅದನ್ನು ಕಳೆಯಿತು. ಆದರೆ ವಾದ್ಯವನ್ನು ಸಾವಿರಾರು ಕೈಗಳಿಗೆ ಕೊಟ್ಟದ್ದೂ ಶಾಲೆಯೇ. ಈ ಲೆಕ್ಕವನ್ನು ಸುಲಭವಾಗಿ ಚುಕ್ತಾ ಮಾಡಲಾರೆ. ಕಟ್ಟಿಟ್ಟ ಸ್ವರಗಳ ವಾದ್ಯವೆಂದು ನಮ್ಮ ಆಕಾಶವಾಣಿಯೂ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿತ್ತಲ್ಲವೇ! ಹುಡುಗರಿಗೆ ನಾನು ಹೇಳಿದ್ದಿಷ್ಟೆ: ಪೆಟ್ಟಿಗೆಯನ್ನು ಮುಚ್ಚಿ, ನಿಮ್ಮ ಕಿವಿಗೆ ಹಿತವಾಗುವವರೆಗೆ ನಾಲಗೆಯನ್ನು ಹಿಂದೆ ಮುಂದೆ ಸರಿಸಿ. ಹನ್ನೊಂದು ಹಲಗೆಗಳಿಗೆ ಹನ್ನೊಂದು ಶ್ರುತಿ ಬಂತು.

ಮಲಾವಿ ಮತ್ತು ಜಿಂಬಾಬ್ವೆಗಳ ಈ ವಾದ್ಯವನ್ನು ನುಡಿಸುವ ಕಲೆಯ ಜೊತೆಗೆ ಮಾಡುವ ಕಲೆಯನ್ನೂ ಹೆಸರಿಸಿಯೇ 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.