ಪರದೆಯ ಬಣ್ಣ ಮತ್ತು ಮುದ್ರಿತ ಬಣ್ಣಗಳ ವ್ಯತ್ಯಾಸ

ಪರದೆಯ ಬಣ್ಣ ಮತ್ತು ಮುದ್ರಿತ ಬಣ್ಣಗಳ ವ್ಯತ್ಯಾಸ ಎಂದರೆ ಒಂದೇ ಚಿತ್ರವು ಗಣಕಯಂತ್ರದ ಪರದೆಯ ಮೇಲೆ ಒಂದು ಬಗೆಯಾಗಿಯೂ ಕಾಗದದ ಮೇಲೆ ಅಚ್ಚಾದಾಗ ಇನ್ನೊಂದು ಬಗೆಯಾಗಿಯೂ ಕಾಣುವ ವಿದ್ಯಮಾನ. ಪರದೆಯಲ್ಲಿ ಹೊಳೆಯುತ್ತಿದ್ದ ನೀಲಿಯು ಕಾಗದದಲ್ಲಿ ನೇರಳೆಯ ಕಡೆಗೆ ವಾಲುವುದು, ಎಳೆಹಸಿರು ಮಂಕಾಗುವುದು, ಇಡೀ ಚಿತ್ರವೇ ಕಪ್ಪೇರಿದಂತೆ ತೋರುವುದು ಇದರ ಸಾಮಾನ್ಯ ಲಕ್ಷಣಗಳು. ಇದನ್ನು ಮುದ್ರಣಾಲಯದ ತಪ್ಪು ಎಂದು ಭಾವಿಸುವುದುಂಟು. ವಾಸ್ತವವಾಗಿ ಪರದೆಯು ಬೆಳಕನ್ನು ಹೊರಸೂಸಿ ಬಣ್ಣವನ್ನು ಉಂಟುಮಾಡಿದರೆ, ಶಾಯಿಯು ಬೆಳಕಿನ ಒಂದು ಭಾಗವನ್ನು ಹೀರಿಕೊಂಡು ಬಣ್ಣವನ್ನು ಉಂಟುಮಾಡುತ್ತದೆ. ಈ ಮೂಲಭೂತ ಭೇದದಿಂದ ಹುಟ್ಟುವ ವ್ಯತ್ಯಾಸವನ್ನು ಪೂರ್ಣವಾಗಿ ನೀಗಿಸಲಾಗದು. ಆದರೆ ಪರದೆಯ ಹೊಂದಾಣಿಕೆ, ಕಾಗದದ ಆಯ್ಕೆ ಹಾಗೂ ನೋಡುವ ಬೆಳಕಿನಿಂದ ಉಂಟಾಗುವ ವ್ಯತ್ಯಾಸವನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಬಣ್ಣದ ಗ್ರಹಿಕೆ

ಮನುಷ್ಯನ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣವನ್ನು ಗುರುತಿಸುವ ಮೂರು ವಿಧದ ಶಂಕು ಕೋಶಗಳಿವೆ. ಈ ಮೂರರ ಪ್ರಚೋದನೆಯ ಪ್ರಮಾಣವನ್ನು ಹೋಲಿಸಿ ಮಿದುಳು ಬಣ್ಣವನ್ನು ನಿರ್ಧರಿಸುತ್ತದೆ. 1802ರಲ್ಲಿ ಥಾಮಸ್ ಯಂಗ್ ಸೂಚಿಸಿದ ಈ ತ್ರಿವರ್ಣ ಸಿದ್ಧಾಂತವನ್ನು ಮುಂದೆ ಹೆಲ್ಮ್‌ಹೋಲ್ಟ್ಸ್ ಬೆಳೆಸಿದರು. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು ಲಂಡನ್ನಿನಲ್ಲಿ, ಒಂದು ಬಣ್ಣದ ಪಟ್ಟಿಯ ಮೂರು ಛಾಯಾಚಿತ್ರಗಳನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಒಂದೇ ಕಡೆ ಬೀಳಿಸಿ, ಅವು ಸೇರಿ ವರ್ಣಚಿತ್ರವಾಗುವುದನ್ನು ತೋರಿಸಿದರು.

ಬೇರೆ ಬೇರೆ ರಚನೆಯ ಬೆಳಕುಗಳು ಕಣ್ಣಿಗೆ ಒಂದೇ ಬಣ್ಣವಾಗಿ ಕಾಣಬಲ್ಲವು. ಪರದೆಯ ಮೇಲಿನ ಹಳದಿಯು ಕೆಂಪು ಮತ್ತು ಹಸಿರು ಬೆಳಕುಗಳ ಬೆರಕೆ. ನಿಂಬೆಹಣ್ಣಿನ ಹಳದಿಯಾದರೋ ನೀಲಿಯನ್ನು ಹೀರಿ ಉಳಿದುದನ್ನು ಪ್ರತಿಫಲಿಸುವುದರಿಂದ ಬಂದದ್ದು. ಪರದೆಯ ಚಿತ್ರವನ್ನು ಕಾಗದದ ಮೇಲೆ ಮೂಡಿಸಲು ಸಾಧ್ಯವಾಗಿರುವುದೂ ಈ ಗುಣದಿಂದಲೇ.

ಪರದೆ: ಸಂಕಲನ ವಿಧಾನ

ಪರದೆಯ ಪ್ರತಿಯೊಂದು ಪಿಕ್ಸೆಲ್‌ನಲ್ಲಿ ಸಾಮಾನ್ಯವಾಗಿ ಕೆಂಪು, ಹಸಿರು ಮತ್ತು ನೀಲಿ ಬೆಳಕನ್ನು ಸೂಸುವ ಸಣ್ಣ ಭಾಗಗಳಿರುತ್ತವೆ. ಬೆಳಕುಗಳನ್ನು ಕೂಡಿಸುತ್ತ ಹೋಗುವುದರಿಂದ ಇದು ಸಂಕಲನ ವಿಧಾನ. ಯಾವ ಬೆಳಕೂ ಇಲ್ಲದಿದ್ದರೆ ಕಪ್ಪು, ಮೂರೂ ಪೂರ್ಣವಾಗಿ ಸೇರಿದರೆ ಬಿಳಿ. ಸಾಮಾನ್ಯ ಕಡತದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಹಂತಗಳಿದ್ದು, ಒಟ್ಟು 1,67,77,216 ಸಂಯೋಜನೆಗಳಾಗುತ್ತವೆ. ಇದನ್ನು ಆರ್‌ಜಿಬಿ ಪದ್ಧತಿ ಎನ್ನುತ್ತಾರೆ.

ಈ ಸಂಖ್ಯೆಗಳು ತಾವೇ ಬಣ್ಣಗಳಲ್ಲ. ಯಂತ್ರಕ್ಕೆ ಕೊಡುವ ಸೂಚನೆಗಳು ಮಾತ್ರ. ಒಂದೇ ಸಂಖ್ಯೆಗೆ ಎರಡು ಪರದೆಗಳು ಎರಡು ಬಗೆಯ ಬಣ್ಣ ತೋರಿಸಬಹುದು. ಈ ಗೊಂದಲವನ್ನು ತಪ್ಪಿಸಲು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಸಮಾನ ಮಾನಕವನ್ನು ಸೂಚಿಸಿದವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ಮುದ್ರಣ: ವ್ಯವಕಲನ ವಿಧಾನ

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಿಂದ ಶಾಯಿಯು ಒಂದಷ್ಟನ್ನು ಕಳೆದು, ಉಳಿದುದು ಕಣ್ಣಿಗೆ ತಲಪುತ್ತದೆ. ಸಯಾನ್ ಶಾಯಿಯು ಕೆಂಪು ಬೆಳಕನ್ನೂ ಮಜೆಂಟಾ ಶಾಯಿಯು ಹಸಿರು ಬೆಳಕನ್ನೂ ಹಳದಿ ಶಾಯಿಯು ನೀಲಿ ಬೆಳಕನ್ನೂ ಹೀರುತ್ತದೆ. ಶಾಯಿ ಹೆಚ್ಚಿದಷ್ಟೂ ಬೆಳಕು ಕಡಿಮೆಯಾಗುವುದರಿಂದ ಇದು ವ್ಯವಕಲನ ವಿಧಾನ. ಜಾಕೋಬ್ ಕ್ರಿಸ್ಟೋಫ್ ಲೆ ಬ್ಲಾನ್ ಅವರು 18ನೆಯ ಶತಮಾನದ ಆರಂಭದಲ್ಲಿ ಮೂರು ಫಲಕಗಳಿಂದ ಬಣ್ಣದ ಚಿತ್ರಗಳನ್ನು ಅಚ್ಚುಮಾಡಿ ಈ ಕ್ರಮಕ್ಕೆ ಬುನಾದಿ ಹಾಕಿದರು.

ನಿಜವಾದ ಶಾಯಿಗಳು ಆದರ್ಶ ಶಾಯಿಗಳಂತೆ ಶುದ್ಧವಲ್ಲ. ಮಜೆಂಟಾ ಶಾಯಿಯು ಹಸಿರಿನ ಜೊತೆಗೆ ನೀಲಿ ಬೆಳಕನ್ನೂ ಸ್ವಲ್ಪ ಹೀರುತ್ತದೆ. ಸಯಾನ್ ಶಾಯಿಯು ಕೆಂಪಿನ ಜೊತೆಗೆ ಹಸಿರನ್ನೂ ಸ್ವಲ್ಪ ಹೀರುತ್ತದೆ. ಆದ್ದರಿಂದ ಇವೆರಡನ್ನು ಬೆರೆಸಿ ಪಡೆಯುವ ನೀಲಿಯು ಪರದೆಯ ನೀಲಿಗಿಂತ ಗಾಢವಾಗಿ, ನೇರಳೆಗೆ ಸಮೀಪವಾಗಿ ಕಾಣುತ್ತದೆ. ಮೂರೂ ಶಾಯಿಗಳನ್ನು ಸಮವಾಗಿ ಸೇರಿಸಿದರೂ ಅಚ್ಚ ಕಪ್ಪು ಬಾರದೆ ಕಂದು ಛಾಯೆ ಬರುತ್ತದೆ. ಈ ಕೊರತೆಯನ್ನು ತುಂಬಲು, ಅಕ್ಷರಗಳು ಸ್ಪಷ್ಟವಾಗಿ ಮೂಡಲು ಮತ್ತು ಶಾಯಿಯ ಖರ್ಚು ತಗ್ಗಲು ಕಪ್ಪು ಶಾಯಿಯನ್ನು ನಾಲ್ಕನೆಯದಾಗಿ ಸೇರಿಸಲಾಗುತ್ತದೆ. ಇದೇ ಸಿಎಂವೈಕೆ ಅಥವಾ ನಾಲ್ಕು ಬಣ್ಣದ ಮುದ್ರಣ.

ಆಫ್‌ಸೆಟ್ ಯಂತ್ರವು ಶಾಯಿಯನ್ನು ತೆಳುವಾಗಿಯೋ ದಪ್ಪವಾಗಿಯೋ ಹಚ್ಚಿ ಛಾಯೆಗಳನ್ನು ಮೂಡಿಸಲಾರದು. ಅದು ಸಣ್ಣ, ದೊಡ್ಡ ಚುಕ್ಕಿಗಳನ್ನು ಒತ್ತುತ್ತದೆ. ಇದಕ್ಕೆ ಹಾಫ್‌ಟೋನ್ ಎಂದು ಹೆಸರು. ದಿನಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ಚುಕ್ಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಕಾಗದದಲ್ಲಿ ಶಾಯಿ ಹರಡುವುದರಿಂದ ಚುಕ್ಕಿಗಳು ಹಿಗ್ಗುತ್ತವೆ. ಅರ್ಧ ಜಾಗವನ್ನು ತುಂಬಬೇಕಾದ ಚುಕ್ಕಿಗಳು ಪತ್ರಿಕಾ ಕಾಗದದ ಮೇಲೆ ಶೇಕಡಾ 70ಕ್ಕೂ ಹೆಚ್ಚು ಜಾಗ ತುಂಬಿದಂತೆ ಕಾಣಬಲ್ಲವು. ಮುದ್ರಣ ಪೂರ್ವದಲ್ಲಿ ಇದಕ್ಕೆ ತಕ್ಕ ತಿದ್ದುಪಡಿ ಮಾಡದಿದ್ದರೆ ಚಿತ್ರ ಕಪ್ಪೇರುತ್ತದೆ.

ವರ್ಣವ್ಯಾಪ್ತಿ

ಒಂದು ಸಾಧನವು ತೋರಿಸಬಲ್ಲ ಬಣ್ಣಗಳ ಒಟ್ಟು ಹರಹನ್ನು ವರ್ಣವ್ಯಾಪ್ತಿ ಎನ್ನುತ್ತಾರೆ. ಪರದೆ ಮತ್ತು ಮುದ್ರಣದ ವ್ಯಾಪ್ತಿಗಳು ಒಂದನ್ನೊಂದು ಪೂರ್ಣವಾಗಿ ಒಳಗೊಳ್ಳುವುದಿಲ್ಲ. ಪರದೆಯ ಹೊಳೆಯುವ ಹಸಿರು, ಗಾಢ ನೀಲಿ ಹಾಗೂ ಉಜ್ವಲ ಕಿತ್ತಳೆ ಬಣ್ಣಗಳು ನಾಲ್ಕು ಶಾಯಿಗಳ ಅಳವಿಗೆ ಸಿಗುವುದಿಲ್ಲ. ಪ್ರತಿಯಾಗಿ, ಒಳ್ಳೆಯ ಕಾಗದದ ಮೇಲಿನ ಅಚ್ಚ ಸಯಾನ್ ಬಣ್ಣವು ಎಸ್‌ಆರ್‌ಜಿಬಿಯ ವ್ಯಾಪ್ತಿಯ ಹೊರಗಿದೆ.

ಸಾಧನಗಳನ್ನು ಅವಲಂಬಿಸದೆ ಬಣ್ಣವನ್ನು ಅಳೆಯಲು ಅಂತರರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ, ಕಣ್ಣಿನ ಪ್ರತಿಕ್ರಿಯೆಯನ್ನೇ ಆಧಾರವಾಗಿಟ್ಟುಕೊಂಡು ಒಂದು ಪದ್ಧತಿಯನ್ನು ರೂಪಿಸಿತು. ಭಾರತದ ರಾಷ್ಟ್ರಧ್ವಜದ ಬಣ್ಣಗಳನ್ನು ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವುದು ಈ ಆಯೋಗದ ಅಳತೆಗಳಲ್ಲಿಯೇ ಹೊರತು ಪರದೆಯ ಸಂಖ್ಯೆಗಳಲ್ಲಿ ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜಗಳಿಗೂ ಇದೇ ಮಾನಕ ಅನ್ವಯಿಸುತ್ತದೆ.

ಕಾಗದ ಮತ್ತು ನೋಡುವ ಬೆಳಕು

ಮುದ್ರಣದಲ್ಲಿ ಬಿಳಿ ಎಂದರೆ ಕಾಗದದ ಬಣ್ಣವೇ. ನಯವಾದ ಆರ್ಟ್ ಪೇಪರಿನ ಮೇಲೆ ಶಾಯಿ ಮೇಲ್ಪದರದಲ್ಲಿ ನಿಲ್ಲುವುದರಿಂದ ಬಣ್ಣ ಕಾಂತಿಯುತವಾಗಿರುತ್ತದೆ. ಲೇಪನವಿಲ್ಲದ ಕಾಗದ ಶಾಯಿಯನ್ನು ಒಳಗೆಳೆದುಕೊಂಡು ಬಣ್ಣವನ್ನು ಮಂಕಾಗಿಸುತ್ತದೆ. ಪತ್ರಿಕಾ ಕಾಗದವು ಸ್ವತಃ ಬೂದು ಮಿಶ್ರಿತ ಹಳದಿಯಾದುದರಿಂದ ಅದರ ಮೇಲೆ ಅಚ್ಚ ಬಿಳಿ ಮೂಡುವುದು ಅಸಾಧ್ಯ.

ಪರದೆಯ ಬಿಳಿಯನ್ನು ಸಾಮಾನ್ಯವಾಗಿ 6500 ಕೆಲ್ವಿನ್ ವರ್ಣತಾಪಕ್ಕೆ ಹೊಂದಿಸಿರುತ್ತಾರೆ. ಮುದ್ರಿತ ಪ್ರತಿಯನ್ನು ಪರಿಶೀಲಿಸುವ ಮಾನಕ ಬೆಳಕು 5000 ಕೆಲ್ವಿನ್. ಮನೆಯ ಹಳದಿ ಬಲ್ಬಿನ ಬೆಳಕು 2700 ಕೆಲ್ವಿನ್‌ನ ಆಸುಪಾಸಿನಲ್ಲಿರುತ್ತದೆ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದೂ ಉಂಟು. ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಪರದೆಯ ಪ್ರಕಾಶವನ್ನು ಅತಿಯಾಗಿ ಏರಿಸಿಟ್ಟಿರುವುದು ಮುದ್ರಣ ಕಪ್ಪಾಯಿತೆಂಬ ದೂರಿಗೆ ಬಹಳ ಸಾಮಾನ್ಯವಾದ ಕಾರಣ.

ವರ್ಣ ನಿರ್ವಹಣೆ

1993ರಲ್ಲಿ ಎಂಟು ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು, ಅಂದರೆ ಐಸಿಸಿಯನ್ನು, ಸ್ಥಾಪಿಸಿದವು. ಅದು ರೂಪಿಸಿದ ಪ್ರೊಫೈಲ್ ಎಂಬ ಕಡತವು ಆಯಾ ಸಾಧನದ ಸಂಖ್ಯೆಗಳು ಕಣ್ಣಿಗೆ ಯಾವ ಬಣ್ಣವಾಗಿ ಕಾಣುತ್ತವೆ ಎಂಬುದನ್ನು ತಿಳಿಸುತ್ತದೆ. ಇದರ ನೆರವಿನಿಂದ ತಂತ್ರಾಂಶವು ಪರದೆಯ ಬಣ್ಣವನ್ನು ಮುದ್ರಣದ ಸಮೀಪದ ಬಣ್ಣಕ್ಕೆ ಪರಿವರ್ತಿಸುತ್ತದೆ. ವ್ಯಾಪ್ತಿಯ ಹೊರಗಿನ ಬಣ್ಣಗಳಿಗೆ ಎರಡು ಮುಖ್ಯ ದಾರಿಗಳಿವೆ. ಒಂದು, ಎಲ್ಲ ಬಣ್ಣಗಳನ್ನೂ ಅನುಪಾತದಲ್ಲಿ ಕುಗ್ಗಿಸಿ ಅವುಗಳ ಪರಸ್ಪರ ಸಂಬಂಧವನ್ನು ಉಳಿಸುವುದು. ಇನ್ನೊಂದು, ವ್ಯಾಪ್ತಿಯೊಳಗಿನವನ್ನು ಹಾಗೆಯೇ ಬಿಟ್ಟು ಹೊರಗಿನವನ್ನು ಮಾತ್ರ ಅಂಚಿಗೆ ತರುವುದು. ಎರಡರಲ್ಲಿಯೂ ಏನನ್ನಾದರೂ ಬಿಟ್ಟುಕೊಡಲೇಬೇಕಾಗುತ್ತದೆ.

ಲಾಂಛನದಂತಹ ನಿಶ್ಚಿತ ಬಣ್ಣ ಬೇಕಾದಲ್ಲಿ ಮೊದಲೇ ಬೆರೆಸಿದ ವಿಶೇಷ ಶಾಯಿಯನ್ನು ಬಳಸುವ ಪದ್ಧತಿಯೂ ಇದೆ. 1963ರಲ್ಲಿ ಬಂದ ಪ್ಯಾಂಟೋನ್ ಪದ್ಧತಿ ಇವುಗಳಲ್ಲಿ ಪ್ರಸಿದ್ಧವಾದುದು.

ಪ್ರಾಯೋಗಿಕ ಮಹತ್ವ

ಪುಸ್ತಕದ ಹೊದಿಕೆಯನ್ನೋ ಲಗ್ನಪತ್ರಿಕೆಯನ್ನೋ ಮೊಬೈಲ್ ಪರದೆಯಲ್ಲಷ್ಟೇ ನೋಡಿ ಒಪ್ಪಿಗೆ ಕೊಟ್ಟರೆ, ಸಾವಿರಾರು ಪ್ರತಿಗಳು ಅಚ್ಚಾದ ಮೇಲೆ ತಿದ್ದಲು ದಾರಿಯಿರುವುದಿಲ್ಲ. ಪಠ್ಯಪುಸ್ತಕದ ಭೂಪಟದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಪರದೆಯಲ್ಲಿ ಬೇರೆಬೇರೆಯಾಗಿ ಕಂಡ ಎರಡು ಹಸಿರು ಛಾಯೆಗಳು ಕಾಗದದಲ್ಲಿ ಒಂದಾಗಿಬಿಟ್ಟರೆ ವಿದ್ಯಾರ್ಥಿಗೆ ಎರಡು ಪ್ರದೇಶಗಳ ಭೇದವೇ ತಿಳಿಯದು. ಇದನ್ನು ತಡೆಯಲು ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಹೀಗಿವೆ:

• ಪರದೆಯ ಪ್ರಕಾಶವನ್ನು ತಗ್ಗಿಸಿ, ಅಳತೆ ಸಾಧನದಿಂದ ಹೊಂದಾಣಿಕೆ ಮಾಡುವುದು. ರಾತ್ರಿಯ ವೇಳೆ ನೀಲಿಯನ್ನು ಕುಗ್ಗಿಸುವ ಸೌಲಭ್ಯವನ್ನು ಆರಿಸುವುದು.
• ಮುದ್ರಣಾಲಯವು ಬಳಸುವ ಕಾಗದ ಮತ್ತು ಪ್ರೊಫೈಲ್ ಯಾವುದೆಂದು ಕೇಳಿ ತಿಳಿದು, ಅದರಂತೆ ಕಡತವನ್ನು ಪರಿವರ್ತಿಸಿ ಪರದೆಯಲ್ಲಿಯೇ ಪೂರ್ವವೀಕ್ಷಣೆ ಮಾಡುವುದು.
• ಮನೆಯ ಇಂಕ್‌ಜೆಟ್ ಮುದ್ರಕಕ್ಕೆ ಆರ್‌ಜಿಬಿ ಕಡತವನ್ನೇ ಕೊಡುವುದು. ಅದರ ತಂತ್ರಾಂಶವು ಪರಿವರ್ತನೆಯನ್ನು ತಾನೇ ಮಾಡಿಕೊಳ್ಳುತ್ತದೆ.
• ನಿಜವಾದ ಕಾಗದದ ಮೇಲೆ ಕರಡು ಪ್ರತಿಯನ್ನು ತೆಗೆಸಿ, ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆಯೇ ಒಪ್ಪಿಗೆ ನೀಡುವುದು.
• ಭೂಪಟ ಮತ್ತು ನಕ್ಷೆಗಳಲ್ಲಿ ಬಣ್ಣವನ್ನಷ್ಟೇ ನೆಚ್ಚದೆ ಗೆರೆ, ಚುಕ್ಕಿ, ಹೆಸರುಗಳಿಂದಲೂ ಭೇದವನ್ನು ಸೂಚಿಸುವುದು.