ಡಾಕ್ಟರೇಟೋತ್ತರ ಸಂಶೋಧನ ವೇತನ: ಮುಂಬಯಿ

ಪಿಎಚ್.ಡಿ. ಪದವಿಯನ್ನು ಪಡೆದವರು ಸ್ಥಿರವಾದ ಉದ್ಯೋಗವನ್ನು ಸೇರುವುದಕ್ಕೆ ಮುನ್ನ, ಹಿರಿಯ ಸಂಶೋಧಕರೊಬ್ಬರ ಸಾನ್ನಿಧ್ಯದಲ್ಲಿ ನಿಯತ ಕಾಲದವರೆಗೆ ಸ್ವಂತ ಅನ್ವೇಷಣೆಯನ್ನು ನಡೆಸಲೆಂದು ವಿಶ್ವವಿದ್ಯಾಲಯವೋ ಸಂಶೋಧನ ಸಂಸ್ಥೆಯೋ ಸರ್ಕಾರವೋ ಕೊಡುವ ಮಾಸಿಕ ವೇತನ. ಬಳಕೆಯ ಮಾತಿನಲ್ಲಿ ಪೋಸ್ಟ್‌ಡಾಕ್.

ಕ್ಷೇತ್ರ: 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಸೇರಿದಂತೆ ಹಲವು ವಿಭಾಗಗಳು ಸಾಂತಾಕ್ರೂಜಿನ ಕಲೀನಾ ಆವರಣದಲ್ಲಿವೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ (1945), ಪವಾಯಿಯ ಐಐಟಿ (1958), ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ (1933), ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆ (1936) ಇವು ಇತರ ಪ್ರಮುಖ ಕೇಂದ್ರಗಳು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಕಿರಿಯ ಸಂಶೋಧಕರಾಗಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದು, 1975ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾದರು.

ವಿಧಗಳು: ಸಂಸ್ಥೆಯೇ ತನ್ನ ನಿಧಿಯಿಂದ ಕೊಡುವ ವೇತನ ಮೊದಲನೆಯದು, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಇದಕ್ಕೆ ವಿಸಿಟಿಂಗ್ ಫೆಲೋ ಎಂದು ಹೆಸರು. ಸರ್ಕಾರದ ಸಂಸ್ಥೆಗಳು ಕೊಡುವ ರಾಷ್ಟ್ರೀಯ ವೇತನ ಎರಡನೆಯದು. ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನ ವೇತನ ಈ ಬಗೆಯದು. ಪ್ರಾಧ್ಯಾಪಕರು ತಂದ ಯೋಜನೆಯ ರಿಸರ್ಚ್ ಅಸೋಸಿಯೇಟ್ ಹುದ್ದೆ ಮೂರನೆಯದು. ಕೇಂದ್ರದ ವಿಜ್ಞಾನ ಯೋಜನೆಗಳಲ್ಲಿ 2023ರ ಜನವರಿಯಿಂದ ಇದರ ಮೊದಲ ಶ್ರೇಣಿಗೆ ತಿಂಗಳಿಗೆ 58,000 ರೂಪಾಯಿ ನಿಗದಿಯಾಗಿದ್ದು, ಮನೆಬಾಡಿಗೆ ಭತ್ಯೆ ಪ್ರತ್ಯೇಕ.

ಅನ್ವೇಷಣಕ್ರಮ: ಜಾಹೀರಾತನ್ನು ಕಂಡ ಬಳಿಕ ವಿಷಯವನ್ನು ಹೊಂದಿಸಿಕೊಳ್ಳುವುದು ಸಾಮಾನ್ಯವಾದ ರೂಢಿಯಾದರೂ, ಆಕರವನ್ನೂ ಮಾರ್ಗದರ್ಶಕರನ್ನೂ ಮೊದಲು ಗೊತ್ತುಮಾಡಿಕೊಂಡು ವೇತನವನ್ನು ಆಮೇಲೆ ಅರಸುವುದೇ ಶ್ರೇಯಸ್ಕರ, ಏಕೆಂದರೆ ಹಲವು ರಾಷ್ಟ್ರೀಯ ವೇತನಗಳ ಅರ್ಜಿಗೆ ಮಾರ್ಗದರ್ಶಕರ ಒಪ್ಪಿಗೆಪತ್ರ ಬೇಕಾಗುತ್ತದೆ. ಕನ್ನಡ ವಿದ್ವಾಂಸರಿಗೆ ಮುಂಬಯಿಯಲ್ಲಿ ಆಕರದ ಕೊರತೆಯಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದ ಕಾರಣ, ಆ ಪ್ರದೇಶದ ಕಂದಾಯ, ಶಿಕ್ಷಣ ಮುಂತಾದ ಇಲಾಖೆಗಳ ಹಳೆಯ ಕಡತಗಳು ಕೋಟೆ ಭಾಗದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ದೊರೆಯುತ್ತವೆ. ಧಾರವಾಡದ ಕರ್ನಾಟಕ ಕಾಲೇಜು ಸಹ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಮುಂಬಯಿ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಆದುದರಿಂದ ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಪತ್ರದಲ್ಲಿ ಸ್ವಪ್ರಶಂಸೆಗಿಂತ, ಯಾವ ಜಿಲ್ಲೆಯ, ಯಾವ ವರ್ಷಗಳ, ಯಾವ ಇಲಾಖೆಯ ಕಡತಗಳಿಂದ ಯಾವ ಪ್ರಶ್ನೆಗೆ ಉತ್ತರ ದೊರೆತೀತೆಂಬ ಸ್ಪಷ್ಟೋಕ್ತಿ ಇರತಕ್ಕದ್ದು. ಅವರ ಬರೆಹಗಳನ್ನು ಓದಿದ ಗುರುತೂ ಅದರಲ್ಲಿ ಕಾಣಬೇಕು.

ವಸತಿ: ಈ ನಗರದಲ್ಲಿ ವೇತನದ ದೊಡ್ಡ ಪಾಲನ್ನು ಬಾಡಿಗೆಯೇ ನುಂಗುವುದರಿಂದ, ಆವರಣದೊಳಗೆ ಕೊಠಡಿ ಸಿಕ್ಕುವುದೋ ಇಲ್ಲವೋ, ಭತ್ಯೆ ಎಷ್ಟು, ಹಣ ತಿಂಗಳು ತಿಂಗಳು ಕೈಸೇರುವುದೋ ಕಂತಿನಲ್ಲಿ ಬರುವುದೋ ಎಂಬುದನ್ನು ಒಪ್ಪಿಗೆಗೆ ಮುಂಚೆಯೇ ಕೇಳಿ ತಿಳಿಯುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ನೆಲೆಯ ಚಿಂತೆ ಕಾಡುತ್ತಿರುವಾಗ ಗಹನವಾದ ಅಧ್ಯಯನ ಸಾಗದು. ವಸತಿಯಂತೆ ಕಾಲದ ಗಣನೆಯೂ ಮುಖ್ಯ: ವಯೋಮಿತಿ ಹಲವು ವೇತನಗಳಿಗೆ ಉಂಟು; ಪ್ರಬಂಧವನ್ನು ಸಲ್ಲಿಸಿ ಪದವಿಗಾಗಿ ಕಾದಿರುವವರಿಗೂ ಕೆಲವು ಕಡೆ ಅವಕಾಶವಿರುವ ಕಾರಣ, ಮೌಖಿಕ ಪರೀಕ್ಷೆಯವರೆಗೆ ಸುಮ್ಮನಿರದೆ ಪ್ರಬಂಧ ಸಲ್ಲಿಕೆಯಾದೊಡನೆಯೇ ಪತ್ರವ್ಯವಹಾರವನ್ನು ಆರಂಭಿಸುವುದು ಉಚಿತ.